ಕಾಡಿನ ಹೊಂಡಕ್ಕೆ ಬಿಸಿಲಿನ ಪಂಪು

ಸಂರಕ್ಷಿತ ಕಾಡಿನೊಳಗೆ ಪ್ರಾಣಿಗಳ ಕುಡಿಯುವ ನೀರಿಗೆಂದು ಡೀಸೆಲ್ ಪಂಪು ಇಟ್ಟರೆ ಅದರ ಸದ್ದು ಒಂದು ತೊಂದರೆ, ಸೋರುವ ಎಣ್ಣೆ ಇನ್ನೊಂದು. ಇಂಧನ ತರುವ ಗಾಡಿಗಾಗಿ ವರ್ಷವಿಡೀ ದಾರಿ ತೆರೆದಿಡಬೇಕಲ್ಲ, ಅದು ಎಲ್ಲಕ್ಕಿಂತ ದೊಡ್ಡದು. ಸೋಲಾರ್ ಪಂಪಿಗೆ ಈ ಮೂರೂ ಇಲ್ಲ. ಆದರೆ ಸದ್ದಿಲ್ಲದೆ, ಇಂಧನದ ಖರ್ಚಿಲ್ಲದೆ ದಿನವೂ ನೀರೆತ್ತುವ ಅದರ ಗುಣದಲ್ಲೇ ಅಪಾಯವೂ ಇದೆ.

ಮೊದಲು ಲೆಕ್ಕ ನೋಡೋಣ. ದಿನಕ್ಕೆ 5,000 ಲೀಟರ್ ನೀರನ್ನು 40 ಮೀಟರ್ ಎತ್ತಬೇಕು ಎನ್ನಿ. ಈ 40 ಮೀಟರನ್ನು ಪಂಪು ಓಡುತ್ತಿರುವಾಗ ಇಳಿದ ನೀರಿನ ಮಟ್ಟದಿಂದ ತೊಟ್ಟಿಯ ಬಾಯಿಯವರೆಗೆ ಅಳೆಯಬೇಕು. ಸುಮ್ಮನಿರುವ ಕೊಳವೆಬಾವಿಯ ಮಟ್ಟವನ್ನು ಹಿಡಿದು ಲೆಕ್ಕ ಹಾಕಿದವರ ಪಂಪು ಬೇಸಿಗೆಯಲ್ಲಿ ಕೈಕೊಡುತ್ತದೆ. ಇಷ್ಟು ನೀರೆತ್ತಲು ಬೇಕಾದ ಶಕ್ತಿ ಸುಮಾರು 545 ವ್ಯಾಟ್-ಅವರ್. ಪಂಪು, ಮೋಟರ್ ಸೇರಿ ದಕ್ಷತೆ ಶೇ 40 ಇದ್ದರೆ ಪ್ಯಾನೆಲ್‌ನಿಂದ ಸುಮಾರು 1,360 ವ್ಯಾಟ್-ಅವರ್ ಬರಬೇಕು. ದಿನಕ್ಕೆ 5 ಗಂಟೆಯ ಪೂರ್ಣ ಬಿಸಿಲು, ಧೂಳು ಮತ್ತು ಕಾವಿನಿಂದ ಶೇ 25 ನಷ್ಟ ಎಂದುಕೊಂಡರೆ ಸುಮಾರು 360 ವ್ಯಾಟ್ ಪ್ಯಾನೆಲ್ ಸಾಕು.

ಬ್ಯಾಟರಿ ಬೇಡ. ಮೂರು ದಿನದ ನೀರು ಹಿಡಿಯುವ 15,000 ಲೀಟರ್ ತೊಟ್ಟಿ ಕಟ್ಟಿದರೆ ಮೋಡದ ದಿನಗಳನ್ನು ಅದೇ ದಾಟಿಸುತ್ತದೆ. ಬ್ಯಾಟರಿಯನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು, ಕೆಟ್ಟದ್ದನ್ನು ಜೋಪಾನವಾಗಿ ಕಾಡಿನಾಚೆ ಸಾಗಿಸಬೇಕು.

ಪ್ಯಾನೆಲ್ ಎಲ್ಲಿಡಬೇಕು ಎಂಬುದೇ ಕಠಿಣ ಪ್ರಶ್ನೆ. ಸಾಮಾನ್ಯ ಪ್ಯಾನೆಲ್‌ನಲ್ಲಿ ಸೆಲ್‌ಗಳು ಮೂರು ಗುಂಪಾಗಿ ಸಾಲುಗಟ್ಟಿರುತ್ತವೆ. ಒಂದೇ ಸೆಲ್ ಮೇಲೆ ಕೊಂಬೆಯ ದಟ್ಟ ನೆರಳು ಬಿದ್ದರೂ ಆ ಗುಂಪು ಪೂರ್ತಿ ಕೈಬಿಟ್ಟು, ಮೂರನೇ ಒಂದು ಪಾಲು ವಿದ್ಯುತ್ ಹೋಗುತ್ತದೆ. ಹಾಗೆಂದು ಮರ ಕಡಿಯುವಂತಿಲ್ಲ. ಪ್ಯಾನೆಲ್ಲನ್ನೇ ಬಯಲಿಗೆ ಒಯ್ದು ಕೇಬಲ್ ಎಳೆಯಬೇಕು. 36 ವೋಲ್ಟ್, 10 ಆಂಪಿಯರ್ ವಿದ್ಯುತ್ತನ್ನು 4 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ 50 ಮೀಟರ್ ದೂರ ಒಯ್ದರೆ ಹೋಗಿಬರುವ ಹಾದಿಯಲ್ಲೇ ಸುಮಾರು 4.5 ವೋಲ್ಟ್ ಕರಗುತ್ತದೆ, ಅಂದರೆ ಎಂಟರಲ್ಲಿ ಒಂದು ಪಾಲು. ಒಂದು ಪ್ಯಾನೆಲ್ ಬದಲು 180 ವ್ಯಾಟ್‌ನ ಎರಡನ್ನು ಸರಣಿಯಲ್ಲಿ ಜೋಡಿಸಿ 72 ವೋಲ್ಟ್ ಮಾಡಿದರೆ ಕರೆಂಟು ಅರ್ಧಕ್ಕಿಳಿದು ನಷ್ಟ ಶೇ 3ರ ಆಸುಪಾಸಿಗೆ ಬರುತ್ತದೆ. ಪಂಪಿನ ಕಂಟ್ರೋಲರ್ (ಪ್ಯಾನೆಲ್‌ನ ವಿದ್ಯುತ್ತನ್ನು ಪಂಪಿಗೆ ಹೊಂದಿಸಿ ಕೊಡುವ ಪೆಟ್ಟಿಗೆ) ಆ ವೋಲ್ಟೇಜ್ ತಾಳುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಕೇಬಲ್ಲನ್ನು ಕಬ್ಬಿಣದ ಪೈಪಿನೊಳಗೆ ಹೂಳಿ, ಇಲ್ಲದಿದ್ದರೆ ಇಲಿ, ಹೆಗ್ಗಣ ಕಡಿಯುತ್ತವೆ. ಪೆಟ್ಟಿಗೆಯ ತಂತಿ ಹೋಗುವ ತೂತುಗಳನ್ನೂ ಮುಚ್ಚಿ. ಒಳಗೆ ಇರುವೆ ಗೂಡು ಕಟ್ಟಿದರೆ ಕಂಟ್ರೋಲರ್ ಕೆಡುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಪ್ಯಾನೆಲ್‌ನ ಕಪ್ಪು ಮೈಯಿಂದ ಪ್ರತಿಫಲಿಸುವ ಧ್ರುವೀಕೃತ (ಒಂದೇ ದಿಕ್ಕಿನಲ್ಲಿ ಕಂಪಿಸುವ) ಬೆಳಕನ್ನು ನೀರೆಂದು ಭ್ರಮಿಸಿ ಕೆಲವು ಜಲಕೀಟಗಳು ಅದರ ಮೇಲೇ ಮೊಟ್ಟೆಯಿಡುತ್ತವೆ, ಆ ಮೊಟ್ಟೆಗಳು ಒಣಗಿ ಸಾಯುತ್ತವೆ. ಗಾಜಿನ ಮೇಲೆ ತೆಳ್ಳನೆಯ ಬಿಳಿ ಗೆರೆಗಳಿದ್ದರೆ ಈ ಸೆಳೆತ ತಗ್ಗುತ್ತದೆ. ತೊರೆಯ ಪಕ್ಕದಲ್ಲಿ ಪ್ಯಾನೆಲ್ ನಿಲ್ಲಿಸುವವರು ಇದನ್ನು ಮರೆಯಬಾರದು.

ತೊಟ್ಟಿಯಲ್ಲಿ ನೀರು ತುಂಬಿದಾಗ ತೇಲಿ ಪಂಪು ನಿಲ್ಲಿಸುವ ಫ್ಲೋಟ್ ಸ್ವಿಚ್, ಬಾವಿಯಲ್ಲಿ ನೀರಿಳಿದಾಗ ಪಂಪು ನಿಲ್ಲಿಸುವ ಸೆನ್ಸರ್ ಎರಡೂ ಬೇಕು. ಪಾಚಿ ಕಟ್ಟಿ ಫ್ಲೋಟ್ ಸಿಕ್ಕಿಕೊಂಡರೆ ತೊಟ್ಟಿ ಉಕ್ಕಿ ಹರಿದು ಸುತ್ತಲೂ ಕೆಸರಾಗುತ್ತದೆ. ಆ ಕೆಸರಿಗೆ ಹಸಿರು ಬರುತ್ತದೆ, ಹಸಿರಿಗೆ ಪ್ರಾಣಿಗಳು ಬಂದು ನಿಲ್ಲುತ್ತವೆ.

ಅವು ಬಂದು ನಿಂತರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಪಾಠ ಕಣ್ಣಮುಂದಿದೆ. ಅಲ್ಲಿ ದಶಕಗಳ ಕಾಲ ಕೊಳವೆಬಾವಿ ಕೊರೆದು ಕೃತಕ ನೀರುಹೊಂಡಗಳನ್ನು ಮಾಡಿದರು. ಒಣ ಉತ್ತರ ಭಾಗಕ್ಕೂ ಜೀಬ್ರಾ, ವೈಲ್ಡ್‌ಬೀಸ್ಟ್ ಹಿಂಡುಗಳು ಬಂದವು, ಅವುಗಳ ಹಿಂದೆ ಸಿಂಹಗಳು. ಪೆಟ್ಟು ಬಿದ್ದದ್ದು ಎತ್ತರದ ಹುಲ್ಲಿನಲ್ಲಿ ವಿರಳವಾಗಿ ಬದುಕುವ ರೋನ್ ಜಿಂಕೆಗಳಿಗೆ: 1986ರಲ್ಲಿ ಸುಮಾರು 450 ಇದ್ದವು 1993ರ ಹೊತ್ತಿಗೆ 45ರಷ್ಟಕ್ಕೆ ಇಳಿದವು. ಆಮೇಲೆ ಆ ಉದ್ಯಾನದಲ್ಲಿ ಅನೇಕ ಹೊಂಡಗಳನ್ನು ಮುಚ್ಚಲಾಯಿತು.

ಆದ್ದರಿಂದ ಪ್ರತಿ ಪಂಪಿಗೂ ಕೈಯಿಂದ ಆರಿಸುವ ಸ್ವಿಚ್ ಇರಲಿ. ಸಹಜ ಹಳ್ಳಗಳು ತುಂಬಿದೊಡನೆ ಅದನ್ನು ಆರಿಸಿ, ತೊಟ್ಟಿ ಬರಿದು ಮಾಡಿ, ತೊಳೆದು ಬಿಡಿ. ತಿಂಗಳಿಗೊಮ್ಮೆ ಬೆಳಿಗ್ಗೆ ಪಂಪು ಓಡುವ ಮುನ್ನ ಬಾವಿಯೊಳಗೆ ಟೇಪು ಇಳಿಬಿಟ್ಟು ನೀರಿನ ಮಟ್ಟ ಬರೆದಿಡಿ. ಹಿಂದಿನ ವರ್ಷದ ಅದೇ ತಿಂಗಳಿಗಿಂತ ಮಟ್ಟ ಕೆಳಗಿದ್ದರೆ ಟೈಮರ್‌ನಲ್ಲಿ ಪಂಪಿನ ಗಂಟೆಗಳನ್ನು ಕಡಿತ ಮಾಡಿ.