ಸೀಟ್ ಹೀಟರ್ ಲೈಟ್ ಹತ್ತುತ್ತದೆ, ಕೂಡಲೇ ಆರುತ್ತದೆ: ತೊಂದರೆ ಪ್ಯಾಡಿನಲ್ಲೋ, ವೈರಿನಲ್ಲೋ?

ಪ್ರಶ್ನೆ: ನಾವಿರುವುದು ಟೊರೊಂಟೊ ಹತ್ತಿರ. ಕಾರಿಗೆ ಎಂಟು ವರ್ಷ. ಈ ಚಳಿಗಾಲದಲ್ಲಿ ಡ್ರೈವರ್ ಸೀಟಿನ ಹೀಟರ್ ಕೈಕೊಟ್ಟಿದೆ. ಬಟನ್ ಒತ್ತಿದರೆ ಲೈಟ್ ಹತ್ತುತ್ತದೆ, ನಾಲ್ಕೈದು ಸೆಕೆಂಡಿನಲ್ಲಿ ತಾನಾಗಿಯೇ ಆರುತ್ತದೆ. ಪಕ್ಕದ ಸೀಟು ಚೆನ್ನಾಗಿ ಬಿಸಿಯಾಗುತ್ತದೆ. ಗ್ಯಾರೇಜಿನವರು ಹೀಟರ್ ಪ್ಯಾಡ್ (ಸೀಟಿನ ಕವರಿನಡಿ ಇರುವ, ಬಿಸಿಯಾಗುವ ಎಳೆಗಳ ಹಾಸು) ಬದಲಿಸಬೇಕು ಅನ್ನುತ್ತಿದ್ದಾರೆ. ಅದಕ್ಕೂ ಮೊದಲು ನಾವೇ ಏನಾದರೂ ಪರೀಕ್ಷೆ ಮಾಡಬಹುದೇ?

ಉತ್ತರ: ಮಾಡಬಹುದು. ಗ್ಯಾರೇಜಿನವರ ಊಹೆ ತಪ್ಪೇನಲ್ಲ, ಇಂಥ ಲಕ್ಷಣಕ್ಕೆ ಪ್ಯಾಡ್ ಹರಿದಿರುವುದೇ ಸಾಮಾನ್ಯ ಕಾರಣ. ಆದರೆ ಸೀಟಿನಡಿಯ ವೈರ್ ಕನೆಕ್ಟರಿನಲ್ಲಿ ತುಕ್ಕು ಹಿಡಿದ ಒಂದೇ ಒಂದು ಪಿನ್ ಕೂಡ ಇದೇ ಲಕ್ಷಣ ತೋರಿಸುತ್ತದೆ. ಪ್ಯಾಡ್ ಬದಲಿಸಬೇಕೆಂದರೆ ಸೀಟಿನ ಕವರ್ ಪೂರ್ತಿ ಬಿಚ್ಚಬೇಕು. ಪಿನ್ ಸ್ವಚ್ಛ ಮಾಡಲು ಸ್ಪ್ರೇ ಮತ್ತು ಸಣ್ಣ ಬ್ರಶ್ ಸಾಕು. ಇವೆರಡರಲ್ಲಿ ಯಾವುದು ಎಂದು ವೋಲ್ಟ್, ಓಮ್ ಅಳೆಯುವ ಒಂದು ಮಲ್ಟಿಮೀಟರ್ ಹೇಳಿಬಿಡುತ್ತದೆ.

ನೀವು ಬರೆದಿರುವ ಲೈಟಿನ ವರ್ತನೆಯೇ ಅರ್ಧ ಉತ್ತರ. ಬಟನ್ ಒತ್ತಿದಾಗ ಲೈಟೇ ಹತ್ತದಿದ್ದರೆ ಫ್ಯೂಸ್ ಅಥವಾ ಸ್ವಿಚ್ ಕಡೆ ನೋಡಬೇಕಿತ್ತು. ನಿಮ್ಮಲ್ಲಿ ಹತ್ತಿ ಆರುತ್ತಿದೆ. ಅಂದರೆ ಹೀಟರಿಗೆ ಕರೆಂಟ್ ಬಿಡುವ, ನಿಲ್ಲಿಸುವ ಮಾಡ್ಯೂಲ್ ಜೀವಂತವಾಗಿದೆ. ಅದು ಕರೆಂಟ್ ಬಿಟ್ಟು ನೋಡುತ್ತಿದೆ, ಲೆಕ್ಕ ತಾಳೆಯಾಗದೆ ಹಿಂದೆಗೆಯುತ್ತಿದೆ. ಪ್ಯಾಡಿನ ಒಟ್ಟು ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) 3 ಓಮ್ ಎಂದುಕೊಳ್ಳಿ. 12 ವೋಲ್ಟಿಗೆ 4 ಆಂಪಿಯರ್ ಹರಿಯಬೇಕು, 48 ವ್ಯಾಟ್ ಶಾಖ ಬರಬೇಕು. ಏನೂ ಹರಿಯದಿದ್ದರೆ ಎಲ್ಲೋ ತುಂಡಾಗಿದೆ, ಮಿತಿಮೀರಿ ಹರಿದರೆ ಶಾರ್ಟ್ ಆಗಿದೆ ಎಂದು ಮಾಡ್ಯೂಲ್ ಆಫ್ ಮಾಡಿಬಿಡುತ್ತದೆ. ಪ್ಯಾಡಿನೊಳಗಿನ ತಾಪಮಾನದ ಸೆನ್ಸರ್ ನಂಬಲಾಗದ ಅಂಕಿ ಕೊಟ್ಟರೂ ಅಷ್ಟೆ. ಕಾರಿನ ದೋಷದ ಕೋಡ್ ಓದುವ ಅಗ್ಗದ ಸ್ಕ್ಯಾನರ್ ಇದ್ದರೆ ಇದರ ಕೋಡ್ ಸಿಕ್ಕೀತೆಂದು ಹೆಚ್ಚು ಆಸೆ ಬೇಡ. ಅವುಗಳಲ್ಲಿ ಬಹಳಷ್ಟು ಎಂಜಿನ್ ಕೋಡ್ ಬಿಟ್ಟು ಬೇರೆ ಓದುವುದಿಲ್ಲ.

ಸೀಟಿನಡಿ ಕೈಹಾಕುವ ಮುನ್ನ ಒಂದು ಎಚ್ಚರಿಕೆ. ಅಲ್ಲಿರುವ ಹಳದಿ ಕನೆಕ್ಟರ್ ಸೈಡ್ ಏರ್‌ಬ್ಯಾಗಿನದು. ಅದಕ್ಕೆ ಮೀಟರ್ ತಾಗಿಸಲೇಬಾರದು. ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತೆಗೆದು, ನಿಮ್ಮ ಕಾರಿನ ಮ್ಯಾನುಯಲ್ ಹೇಳುವಷ್ಟು ಹೊತ್ತು ಕಾಯಿರಿ. ಪವರ್ ಸೀಟ್ ಆಗಿದ್ದರೆ ಬೋಲ್ಟುಗಳು ಕೈಗೆ ಸಿಗುವಂತೆ ಸೀಟನ್ನು ಮೊದಲೇ ಸರಿಸಿಟ್ಟುಕೊಳ್ಳಿ. ಬ್ಯಾಟರಿ ತೆಗೆದ ಮೇಲೆ ಅದು ಅಲುಗುವುದಿಲ್ಲ. ಎಷ್ಟೋ ಜನ ಎಡವುವುದು ಇಲ್ಲೇ. ಬೋಲ್ಟ್ ಬಿಚ್ಚಿ ಸೀಟನ್ನು ಹಿಂದಕ್ಕೆ ವಾಲಿಸಿದರೆ ಸಾಕು, ಹೊರಗೆ ತೆಗೆಯಬೇಕಿಲ್ಲ.

ಈಗ ಹೀಟರ್ ಕನೆಕ್ಟರ್ ಬಿಡಿಸಿ. ಮೀಟರಿನ ಎರಡೂ ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ಬರುವ ಅಂಕಿ ಬರೆದುಕೊಳ್ಳಿ. ಕಡ್ಡಿಗಳ ವೈರಿಗೇ 0.2ರಿಂದ 0.5 ಓಮ್ ಇರುತ್ತದೆ, ಇಷ್ಟು ಸಣ್ಣ ಅಳತೆಯಲ್ಲಿ ಅದನ್ನು ಕಳೆಯದಿದ್ದರೆ ಲೆಕ್ಕ ತಪ್ಪುತ್ತದೆ. ಪ್ಯಾಡಿನ ಎರಡು ದಪ್ಪ ವೈರುಗಳ ನಡುವೆ ಕೆಲವೇ ಓಮ್ ಸಿಗಬೇಕು. ಸರಿಯಾದ ಅಂಕಿ ಎಷ್ಟು ಎಂದು ತಲೆಕೆಡಿಸಿಕೊಳ್ಳಬೇಡಿ, ಕೆಲಸ ಮಾಡುತ್ತಿರುವ ಪಕ್ಕದ ಸೀಟನ್ನೂ ಹೀಗೇ ಅಳೆಯಿರಿ. ಅದಕ್ಕಿಂತ ಒಳ್ಳೆಯ ಮ್ಯಾನುಯಲ್ ಇಲ್ಲ.

ಮೀಟರ್ ಅನಂತ ತೋರಿಸಿದರೆ ಪ್ಯಾಡ್ ತುಂಡಾಗಿದೆ. ಬಹಳ ಕಾರುಗಳಲ್ಲಿ ಕೂರುವ ಪ್ಯಾಡ್ ಮತ್ತು ಬೆನ್ನಿನ ಪ್ಯಾಡ್ ಸಾಲಾಗಿ ಜೋಡಿಸಿರುತ್ತವೆ, ಒಂದು ಹೋದರೆ ಎರಡೂ ತಣ್ಣಗಾಗುತ್ತವೆ. ಅವುಗಳ ನಡುವಿನ ಕೊಂಡಿ ಬಿಡಿಸಿ ಬೇರೆಬೇರೆ ಅಳೆದರೆ ಕೆಟ್ಟದ್ದು ಯಾವುದೆಂದು ಗೊತ್ತಾಗುತ್ತದೆ. ಹೆಚ್ಚಾಗಿ ಹೋಗುವುದು ಕೂರುವ ಪ್ಯಾಡೇ, ಅದರಲ್ಲೂ ಬಾಗಿಲ ಕಡೆಯ ಅಂಚು. ಕಾರು ಹತ್ತುವಾಗ ಇಳಿಯುವಾಗ ಮೈಭಾರವೆಲ್ಲ ಅಲ್ಲೇ ಉಜ್ಜುತ್ತದೆ. ಹಿಂದಿನ ಸೀಟಿನಿಂದ ಏನಾದರೂ ಎತ್ತಿಕೊಳ್ಳಲು ಮಂಡಿಯೂರುವುದೂ ಅಲ್ಲೇ. ಅಂಕಿ ಸರಿಯಿದ್ದಂತೆ ಕಂಡರೆ ಆ ಅಂಚನ್ನು ಒತ್ತುತ್ತಾ ಮೀಟರ್ ನೋಡಿ. ಅಂಕಿ ಕುಣಿದರೆ ಕಳ್ಳ ಸಿಕ್ಕಿಬಿದ್ದ.

ಸೆನ್ಸರಿನದು ಎರಡು ತೆಳು ವೈರು. ಹಲವು ಕಾರುಗಳಲ್ಲಿ ಅದು 25 ಡಿಗ್ರಿಯಲ್ಲಿ 10 ಕಿಲೋಓಮ್ ತೋರಿಸುತ್ತದೆ, ಸೊನ್ನೆ ಡಿಗ್ರಿಯಲ್ಲಿ 30ರ ಆಸುಪಾಸು. ಸೀಟಿನಲ್ಲಿ ಸೆನ್ಸರ್ ಇರುವ ಜಾಗಕ್ಕೆ ಬಿಸಿನೀರಿನ ಚೀಲ ಇಟ್ಟರೆ ಅಂಕಿ ನಿಧಾನವಾಗಿ ಇಳಿಯಬೇಕು. ಇಳಿಯದಿದ್ದರೆ, ಅಥವಾ ಏನೂ ತೋರಿಸದಿದ್ದರೆ, ಹೀಟರ್ ವೈರ್ ಎಷ್ಟೇ ಚೆನ್ನಾಗಿದ್ದರೂ ಮಾಡ್ಯೂಲ್ ಕರೆಂಟ್ ಬಿಡುವುದಿಲ್ಲ.

ಎರಡೂ ಸರಿಯಿದ್ದರೆ ಕನೆಕ್ಟರನ್ನು ಅನುಮಾನಿಸಬೇಕು. ನಿಮ್ಮ ಕಡೆ ಇದು ದೊಡ್ಡ ವಿಷಯ. ಶೂಗೆ ಅಂಟಿ ಬಂದ ಹಿಮ, ರಸ್ತೆಗೆ ಎರಚಿದ ಉಪ್ಪಿನ ಸಮೇತ ಕಾರಿನೊಳಗೆ ಕರಗಿ ಸೀಟಿನಡಿ ಸೇರುತ್ತದೆ. ಪಿನ್ನುಗಳ ಮೇಲೆ ಹಸಿರು ಪುಡಿ ಕಂಡರೆ ಅದರದ್ದೇ ಕೆಲಸ. ಇಲ್ಲಿ ಒಂದು ಮೋಸ ಉಂಟು: ಕನೆಕ್ಟರ್ ಬಿಡಿಸಿ ಕಾರಿನ ಕಡೆಯ ವೋಲ್ಟೇಜ್ ಅಳೆದರೆ ಪೂರ್ತಿ 12 ತೋರಿಸುತ್ತದೆ. ಮೀಟರ್ ಎಳೆಯುವ ಕರೆಂಟ್ ಏನೂ ಅಲ್ಲ, ಹಾಗಾಗಿ ತುಕ್ಕು ಸುಳಿವೇ ಕೊಡುವುದಿಲ್ಲ. ಹೀಟರ್ ಜೋಡಿಸಿ ಕರೆಂಟ್ ಹರಿಯುವಾಗಲೇ ಅಳೆಯಬೇಕು. ತುಕ್ಕಿನ ರೆಸಿಸ್ಟೆನ್ಸ್ ಅರ್ಧ ಓಮ್ ಇದ್ದರೂ 3 ಓಮಿನ ಸೀಟಿಗೆ ಸಿಗುವುದು 48ರ ಬದಲು 35 ವ್ಯಾಟ್. ಸುಮಾರು 6 ವ್ಯಾಟ್ ಆ ಪಿನ್ನಿನಲ್ಲೇ ಸುಡುತ್ತದೆ, ಪ್ಲಾಸ್ಟಿಕ್ ಕಂದಾಗಿ ಕರಗುವುದು ಇದರಿಂದಲೇ.

ಈ ಅಳತೆಗೆ ಏರ್‌ಬ್ಯಾಗ್ ಸೇರಿ ಎಲ್ಲ ಕನೆಕ್ಟರನ್ನೂ ಮೊದಲಿನಂತೆ ಜೋಡಿಸಿ, ಆಮೇಲೆ ಬ್ಯಾಟರಿ ಕೊಡಿ. ಹಳದಿ ಕನೆಕ್ಟರ್ ಬಿಟ್ಟು ಇಗ್ನಿಷನ್ ಹಾಕಿದರೆ ಏರ್‌ಬ್ಯಾಗ್ ಲೈಟ್ ಹತ್ತಿ ಕೂರುತ್ತದೆ. ಎಂಜಿನ್ ಚಾಲೂ ಮಾಡಿ, ಹೀಟರನ್ನು ಹೈನಲ್ಲಿಡಿ, ಕಡಿಮೆ ಹಂತಗಳಲ್ಲಿ ಮಾಡ್ಯೂಲ್ ಕರೆಂಟನ್ನು ಆನ್ ಆಫ್ ಮಾಡುತ್ತಿರುವುದರಿಂದ ಮೀಟರಿನ ಅಂಕಿ ಅರ್ಥವಾಗುವುದಿಲ್ಲ. ಹೀಟರಿನ ನೆಗೆಟಿವ್ ವೈರಿಗೆ ಕನೆಕ್ಟರಿನ ಹಿಂಬದಿಯಿಂದ ಒಂದು ಕಡ್ಡಿ, ಬಣ್ಣವಿಲ್ಲದ ಬಾಡಿ ಲೋಹಕ್ಕೆ ಇನ್ನೊಂದು. ಲೈಟ್ ಆರುವ ಮೊದಲಿನ ಆ ನಾಲ್ಕೈದು ಸೆಕೆಂಡೇ ನಿಮಗಿರುವ ಅವಕಾಶ. ನೆಗೆಟಿವ್ ವೈರ್ ನೇರವಾಗಿ ಬಾಡಿಗೆ ಹೋಗುವ ಕಾರಿನಲ್ಲಿ 0.2 ವೋಲ್ಟಿನೊಳಗಿದ್ದರೆ ಸರಿ, 1 ವೋಲ್ಟ್ ದಾಟಿದರೆ ಆ ದಾರಿಯಲ್ಲೇ ತುಕ್ಕಿದೆ.

ಪ್ಯಾಡೇ ಹೋಗಿದೆ ಎಂದಾದರೆ ತುಂಡಾದ ಜಾಗ ಹುಡುಕಿ ಬೆಸುಗೆ ಹಾಕುವ ಉಪಾಯ ಬೇಡ. ಬೆಸುಗೆಯ ಗಂಟು ಮಡಚುವ ಜಾಗದಲ್ಲಿ ಮತ್ತೆ ಮುರಿಯುತ್ತದೆ, ಮುರಿಯುವ ಮುನ್ನ ಬಟ್ಟೆ ಸುಡುವಷ್ಟು ಕಾಯುತ್ತದೆ. ಕಾರ್ಬನ್ ಫೈಬರಿನ ಪ್ಯಾಡಿಗಂತೂ ಬೆಸುಗೆ ಹಿಡಿಯುವುದೇ ಇಲ್ಲ. ಅಗ್ಗಕ್ಕೆ ಸಿಗುವ ಬೇರೆ ಕಂಪನಿಯ ಪ್ಯಾಡನ್ನು ಮೂಲ ಮಾಡ್ಯೂಲಿಗೆ ಜೋಡಿಸುವುದಾದರೆ ಅದರ ಓಮೂ ಸೆನ್ಸರೂ ಹಳೆಯದಕ್ಕೆ ಹೊಂದಲೇಬೇಕು, ಇಲ್ಲವಾದರೆ ಲೈಟ್ ಮತ್ತೆ ಹತ್ತಿ ಆರುತ್ತದೆ. ಹೊಸ ಪ್ಯಾಡ್ ಅಂಟಿಸಿದ ಮೇಲೆ, ಕವರನ್ನು ಹಿಡಿದಿಡುವ ಲೋಹದ ಉಂಗುರಗಳಲ್ಲಿ ಕೊನೆಯದನ್ನು ಬಿಗಿಯುವ ಮುನ್ನ ಇನ್ನೊಮ್ಮೆ ಓಮ್ ಅಳೆದುಬಿಡಿ. ಉಂಗುರದ ತುದಿ ಹೊಸ ವೈರನ್ನೇ ಚುಚ್ಚಿರುತ್ತದೆ, ಎಷ್ಟೋ ಸಲ.