ಒಬ್ಬ ಗವರ್ನರ್, ಎರಡು ಫಲಕ

ಆಸ್ಟ್ರೇಲಿಯಾದ ಸಿಡ್ನಿಯ ಹೈಡ್ ಪಾರ್ಕಿನಲ್ಲಿ ಲ್ಯಾಕ್ಲನ್ ಮ್ಯಾಕ್ವಾರಿಯ ಪ್ರತಿಮೆ ನಿಲ್ಲಿಸಿದ್ದು 2013ರಲ್ಲಿ. ನಾಲ್ಕೇ ವರ್ಷಕ್ಕೆ ಯಾರೋ ಅದರ ಮೇಲೆ ಬಣ್ಣದಲ್ಲಿ ಪ್ರತಿಭಟನೆ ಬರೆದರು. ಸತ್ತು ಇನ್ನೂರು ವರ್ಷವಾಗುತ್ತಾ ಬಂದಿದ್ದವನ ಮೇಲೆ ಇಷ್ಟು ಸಿಟ್ಟು ಯಾಕೆ?

ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ಅಂದರೆ 1788ರಿಂದ ಬ್ರಿಟನ್ ತನ್ನ ಕೈದಿಗಳನ್ನು ತಂದು ಬಿಡುತ್ತಿದ್ದ ನೆಲ. ಮ್ಯಾಕ್ವಾರಿ 1810ರಲ್ಲಿ ಅಲ್ಲಿ ಗವರ್ನರ್ ಆದ. ಅದಕ್ಕೂ ಮೊದಲು ನಮ್ಮ ಕಡೆಗೂ ಬಂದಿದ್ದವನೇ. 1792 ಮತ್ತು 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಸೇನೆಯಲ್ಲಿ ಅವನೂ ಇದ್ದ.

ಶಿಕ್ಷೆ ಮುಗಿಸಿದ ಕೈದಿಗೆ ಎಲ್ಲರಂತೆ ಬದುಕುವ ಹಕ್ಕಿದೆ ಅನ್ನೋದು ಅವನ ನಿಲುವು. ಅಂಥವರನ್ನು ಮನೆಗೆ ಊಟಕ್ಕೆ ಕರೆದ. ಖೋಟಾ ದಾಖಲೆ ಮಾಡಿ ಗಡೀಪಾರಾಗಿದ್ದ ವಾಸ್ತುಶಿಲ್ಪಿ ಫ್ರಾನ್ಸಿಸ್ ಗ್ರೀನ್‌ವೇಯಿಂದ ದೊಡ್ಡ ದೊಡ್ಡ ಕಟ್ಟಡ ಕಟ್ಟಿಸಿದ. ಊರಲ್ಲಿ ಚಿಲ್ಲರೆ ಇರಲಿಲ್ಲ. 1812ರಲ್ಲಿ ಬಂದ 40,000 ಸ್ಪ್ಯಾನಿಷ್ ಡಾಲರ್ ನಾಣ್ಯಗಳಿಗೆ ನಡುವೆ ತೂತು ಹೊಡೆಸಿದ, ನಮ್ಮ ಅಜ್ಜಂದಿರ ಕಾಲದ ತೂತುಕಾಸಿನ ಹಾಗೆ. ಸುತ್ತಿನ ಬಳೆಗೆ ಐದು ಶಿಲಿಂಗ್, ಒಳಗಿನ ಬಿಲ್ಲೆಗೆ ಹದಿನೈದು ಪೆನ್ಸ್. ತೂತು ಬಿದ್ದ ನಾಣ್ಯ ಊರು ಬಿಟ್ಟು ಹೋಗಲ್ಲ ಅಲ್ವಾ! ಆ ಕೆಲಸ ಮಾಡಿಕೊಟ್ಟವನೂ ಖೋಟಾ ಕೆಲಸಕ್ಕೆ ಶಿಕ್ಷೆಯಾಗಿದ್ದ ಒಬ್ಬ ಕೈದಿಯೇ.

ಆದರೆ ಆ ನೆಲದಲ್ಲಿ ಮೊದಲೇ ಆದಿವಾಸಿ ಜನ ಇದ್ದರು. ವಲಸಿಗರ ಹೊಲಗಳು ಹಬ್ಬಿದಂತೆ ಜಗಳ ಜಾಸ್ತಿಯಾಯಿತು. ಎರಡೂ ಕಡೆ ಸಾವಾದವು. 1816ರ ಏಪ್ರಿಲ್‌ನಲ್ಲಿ ಮ್ಯಾಕ್ವಾರಿ ಸೈನಿಕರನ್ನು ಕಳಿಸಿದ. ಎದುರು ನಿಂತವರನ್ನು ಗುಂಡಿಕ್ಕಿ ಕೊಲ್ಲಿ, ಸತ್ತ ಗಂಡಸರ ಹೆಣಗಳನ್ನು ಮರಕ್ಕೆ ನೇತು ಹಾಕಿ, ಉಳಿದವರು ಹೆದರಲಿ ಎಂಬ ಆದೇಶ ಅವನದೇ. 17ರ ನಸುಕಿನಲ್ಲಿ ಆಪಿನ್ ಎಂಬ ಊರಿನ ಹತ್ತಿರ, ಬೆಳದಿಂಗಳಲ್ಲಿ, ಒಂದು ಮಗು ಅತ್ತ ಸದ್ದು ಸೈನಿಕರ ಕಿವಿಗೆ ಬಿತ್ತು. ಗುಂಡು ಹಾರಿದವು. ಓಡಿದವರು ಕಡಿದಾದ ಬಂಡೆಯಿಂದ ಕೆಳಗೆ ಬಿದ್ದರು. ಹೆಂಗಸರು, ಮಕ್ಕಳು ಕೂಡ.

ಆಮೇಲೆ ಅವನ ಹೆಸರು ನದಿಗೆ, ಬಂದರಿಗೆ, ಬೀದಿಗೆ, ಯೂನಿವರ್ಸಿಟಿಗೆ, ಬ್ಯಾಂಕಿಗೆ ಬಂತು. ಆಪಿನ್ ಹೆಸರು ಮಾತ್ರ ತುಂಬಾ ಕಾಲ ಹೊರಗೆ ಬರಲೇ ಇಲ್ಲ. ಆ ಜಾಗ ರಾಜ್ಯದ ಪಾರಂಪರಿಕ ಪಟ್ಟಿಗೆ ಸೇರಿದ್ದು 2022ರಲ್ಲಿ.

ಪ್ರತಿಮೆ ಕೆಡವಿ ಅನ್ನುವವರೂ ಇದ್ದಾರೆ, ಮುಟ್ಟಬೇಡಿ ಅನ್ನುವವರೂ ಇದ್ದಾರೆ. ಮೊದಲು ಎರಡು ಬರಹಗಳನ್ನು ಒಟ್ಟಿಗೆ ಓದಬೇಕು. ಹೈಡ್ ಪಾರ್ಕಿನ ಪೀಠದಲ್ಲಿ ಅವನನ್ನು ಪರಿಪೂರ್ಣ ಸಂಭಾವಿತ ಎಂದು ಹೊಗಳಿದೆ. ಆಪಿನ್ ಹತ್ತಿರದ ಕ್ಯಾಟರಾಕ್ಟ್ ಅಣೆಕಟ್ಟಿನ ಬಳಿ ಒಂದು ಚಿಕ್ಕ ಫಲಕವಿದೆ. ಅಂದು ಎಣಿಸಿದ್ದು ಹದಿನಾಲ್ಕು ಹೆಣ, ನಿಜವಾದ ಲೆಕ್ಕ ಎಂದಿಗೂ ಸಿಗದು ಎಂದು ಅದರಲ್ಲಿ ಬರೆದಿದೆ.