ಬೋರ್ ಬತ್ತಿದರೆ ಟ್ಯಾಂಕ್ ಒಡೆಸ್ತೀರಾ?

ಪ್ರಶ್ನೆ: ನಮ್ಮ ತಾಯಿಯ ವರ್ಷದ ತಿಥಿಗೆ ಊಟ ಹಾಕಿಸೋ ಬದಲು ಉಪಯೋಗದ ಕೆಲಸ ಏನಾದರೂ ಮಾಡೋಣ ಅಂತ ಅಣ್ಣತಮ್ಮಂದಿರು ಮಾತಾಡಿಕೊಂಡಿದ್ದೀವಿ. ಮುಟ್ಟು ನಿಲ್ಲೋ ವಯಸ್ಸಿನ ಬಡ ಹೆಂಗಸರಿಗೆ ಗರ್ಭಕೋಶ ತೆಗೆಸೋ ಆಪರೇಷನ್ ಉಚಿತವಾಗಿ ಮಾಡಿಸಬೇಕು ಅಂತಿದೆ. ಕೈಯಲ್ಲಿ ಎರಡು ಲಕ್ಷ ಇದೆ. ಯಾರನ್ನ ಕಾಣಬೇಕು? (ಚಿಂತಾಮಣಿಯ ಓದುಗರು)

ಸದ್ಯಕ್ಕೆ ಯಾರನ್ನೂ ಕಾಣಬೇಡಿ.

ಬೇಜಾರಾಗಬೇಡಿ, ನಿಮ್ಮೊಬ್ಬರಿಗೇ ಹೇಳ್ತಿರೋದಲ್ಲ. ಇದೇ ಪ್ರಶ್ನೆ ಗೌರಿಬಿದನೂರಿನ ಒಂದು ಯುವಕ ಸಂಘದಿಂದ ಬಂದಿತ್ತು, ಬಾಗೇಪಲ್ಲಿಯ ಅಂಗಡಿಯವರೊಬ್ಬರಿಂದ ಬಂದಿತ್ತು. ಯುಗಾದಿ ದಿನ ನಮ್ಮ ಮನೆ ಒಬ್ಬಟ್ಟು ತಿನ್ನುತ್ತಲೇ ನಮ್ಮ ಭಾವನವರೂ ಕೇಳಿದರು. ಎಲ್ಲರದ್ದೂ ಒಳ್ಳೇ ಮನಸ್ಸೇ. ಆದರೆ ಎಲ್ಲರ ತಲೆಯಲ್ಲೂ ಒಂದೇ ಮಾತು ಕೂತಿದೆ: "ಮುಟ್ಟು ನಿಂತ ಮೇಲೆ ಗರ್ಭಕೋಶಕ್ಕೇನು ಕೆಲಸ? ಇಟ್ಟುಕೊಂಡರೆ ಕ್ಯಾನ್ಸರ್. ತೆಗೆಸಿಬಿಟ್ಟರೆ ಮೈ ಕಾಯೋದು, ಸೊಂಟನೋವು, ಸಿಡುಕು ಎಲ್ಲ ಒಟ್ಟಿಗೆ ಹೋಗುತ್ತೆ."

ಹೋಗಲ್ಲ. ಬೋರ್‌ವೆಲ್ ಲೆಕ್ಕದಲ್ಲಿ ಹೇಳ್ತೀನಿ, ನಮ್ಮ ಜಿಲ್ಲೆಯವರಿಗೆ ಅದಕ್ಕಿಂತ ಚೆನ್ನಾಗಿ ಅರ್ಥವಾಗೋದು ಬೇರೆ ಇಲ್ಲ. ಅಂಡಾಶಯ ಅನ್ನೋದು ಬೋರು. ಗರ್ಭಕೋಶ ಟ್ಯಾಂಕು. ಈಸ್ಟ್ರೋಜನ್ ಹಾರ್ಮೋನು ಬರೋದು ಬೋರಿನಿಂದ. ಬೋರು ಒಂದೇ ದಿನಕ್ಕೆ ಬತ್ತುತ್ತಾ? ಒಂದು ವಾರ ನೀರು ಧಾರಾಳ, ಮುಂದಿನ ವಾರ ಬರೀ ಗಾಳಿ, ಪೈಪು ಬುಸುಗುಟ್ಟುತ್ತೆ. ಮುಟ್ಟು ನಿಲ್ಲೋಕೆ ಮುಂಚಿನ ಕೆಲವು ವರ್ಷ ಹೀಗೇ. ಒಂದು ತಿಂಗಳು ಜಾಸ್ತಿ, ಎರಡು ತಿಂಗಳು ಇಲ್ಲವೇ ಇಲ್ಲ. ಮೈಯ ಕಾವು ನೋಡಿಕೊಳ್ಳೋ ಜಾಗ ಮಿದುಳಿನಲ್ಲಿದೆ. ಈಸ್ಟ್ರೋಜನ್ ಇಳಿದಾಗ ಅದು ಚೂರು ಸೆಕೆಗೂ ಬೆಚ್ಚಿಬಿದ್ದು ಬೆವರು ಹರಿಸುತ್ತೆ. ಪೂರ್ತಿ 12 ತಿಂಗಳು ಮುಟ್ಟಾಗದೆ ಹೋದರೆ ನಿಂತಿತು ಅಂತ ಲೆಕ್ಕ. ನಮ್ಮ ದೇಶದಲ್ಲಿ ಸರಾಸರಿ 46–47ರ ಆಸುಪಾಸು. ಈಗ ಹೇಳಿ, ಇದರಲ್ಲಿ ಟ್ಯಾಂಕಿನ ತಪ್ಪೇನು?

ಟ್ಯಾಂಕ್ ತೆಗೆಯೋಕೆ ಬಂದವರು ಎಷ್ಟೋ ಸಲ ಚೆನ್ನಾಗಿರೋ ಬೋರನ್ನೂ ಕಿತ್ತು ಹೋಗ್ತಾರೆ. ಅಂಡಾಶಯ ಎರಡೂ ತೆಗೆದರೆ ಅವತ್ತೇ ಮುಟ್ಟು ನಿಂತ ಹಾಗೆ, ಅದೂ 35ರ ವಯಸ್ಸಿಗೆ. ನಿಧಾನವಾಗಿ ಆಗಬೇಕಾದ್ದು ಒಂದು ರಾತ್ರಿಗೆ ಆಗುತ್ತೆ. ಮೂಳೆ ಬೇಗ ಟೊಳ್ಳಾಗುತ್ತೆ, ಹೃದಯದ ತೊಂದರೆ ಹೆಚ್ಚುತ್ತೆ. ಅಂಥವರಿಗೆ ಸಹಜವಾಗಿ ನಿಲ್ಲೋ ವಯಸ್ಸಿನವರೆಗೆ ಹಾರ್ಮೋನ್ ಮಾತ್ರೆ ಬೇಕಾಗಬಹುದು. ಹಾಗಂತ ಅವರಿಗೆ ಹೇಳಿ ಕಳಿಸಿದವರನ್ನ ನಾನು ಕಂಡಿದ್ದು ಕಮ್ಮಿ. ಅಂಡಾಶಯ ಉಳಿಸಿ ಗರ್ಭಕೋಶ ಮಾತ್ರ ತೆಗೆದರೂ, ಬತ್ತೋದು ಒಂದೆರಡು ವರ್ಷ ಮುಂಚೆ ಬರೋದುಂಟು.

ಕ್ಯಾನ್ಸರ್ ಹೆದರಿಕೆ ಎಲ್ಲಿಂದ ಬರುತ್ತೆ ಗೊತ್ತಾ? ಸ್ಕ್ಯಾನಿಂಗ್ ರಿಪೋರ್ಟಿನ ಎರಡು ಪದದಿಂದ: "ಬಲ್ಕಿ ಯೂಟ್ರಸ್". ಗರ್ಭಕೋಶ ಸ್ವಲ್ಪ ದಪ್ಪ ಕಾಣ್ತಿದೆ ಅಂತ, ಅಷ್ಟೇ. ಎರಡು ಮೂರು ಹೆತ್ತವಳಿಗೆ ದಪ್ಪ ಆಗದೆ ಇನ್ನೇನಾಗುತ್ತೆ? ಜೊತೆಗೆ ಬಿಳಿಸೆರಗು ಇದ್ದರೆ "ಗರ್ಭಕೋಶದ ಬಾಯಲ್ಲಿ ಹುಣ್ಣಾಗಿದೆ" ಅಂತಾರೆ. ಆ ಹುಣ್ಣು ಅನ್ನೋದು ಬಹಳಷ್ಟು ಸಲ ಹುಣ್ಣೇ ಅಲ್ಲ, ಕ್ಯಾನ್ಸರಂತೂ ದೂರದ ಮಾತು. ಅನುಮಾನ ಇದ್ದರೆ ಪರೀಕ್ಷೆ ಇದೆ. ಗರ್ಭಕೋಶದ ಬಾಯಿಗೆ ವಿನೆಗರಿನಂಥ ಅಸಿಟಿಕ್ ಆಸಿಡ್ ನೀರು ಹಚ್ಚಿ, ಒಂದು ನಿಮಿಷ ಕಾದು, ಬೆಳ್ಳಗಾಗುತ್ತಾ ಅಂತ ನೋಡೋದು. ಸರ್ಕಾರದ ಕಾರ್ಯಕ್ರಮದಲ್ಲೇ 30 ದಾಟಿದವರಿಗೆ 5 ವರ್ಷಕ್ಕೊಮ್ಮೆ ಮಾಡಬೇಕು ಅಂತಿದೆ. ಒಂದು ನಿಮಿಷದ ಕೆಲಸ ಬಿಟ್ಟು ಹೊಟ್ಟೆ ಕೊಯ್ಸೋಕೆ ಸಾಲ ಮಾಡ್ತೀವಿ.

ಗಡಿಯಾಚೆ ನೋಡಿ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 49 ವರ್ಷದ ಹೆಂಗಸರಲ್ಲಿ ಗರ್ಭಕೋಶ ತೆಗೆಸಿಕೊಂಡವರು ದೇಶದಲ್ಲಿ ನೂರಕ್ಕೆ ಮೂರು, ಆಂಧ್ರದಲ್ಲಿ ಸುಮಾರು ಒಂಬತ್ತು. ಹಿಂದೂಪುರ, ಮದನಪಲ್ಲಿಯಲ್ಲಿ ನಮ್ಮೋರ ಅರ್ಧ ನೆಂಟರಿದ್ದಾರೆ. "ನಮ್ಮ ವದಿನೆ (ಅತ್ತಿಗೆ) ತೆಗೆಸಿದ್ಲು, ನಾನೂ ತೆಗೆಸ್ತೀನಿ" ಅನ್ನೋದು ಸೀರೆ ವಿಚಾರದ ಹಾಗೆ ಆಗಿಬಿಟ್ಟಿದೆ. ಅನಗತ್ಯವಾಗಿ ಗರ್ಭಕೋಶ ತೆಗೆಯೋದನ್ನ ತಡೆಯೋ ಮಾರ್ಗಸೂಚಿಯನ್ನ ಎಲ್ಲ ರಾಜ್ಯಗಳೂ ಜಾರಿ ಮಾಡಬೇಕು ಅಂತ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಆಪರೇಷನ್ ಯಾವತ್ತೂ ಬೇಡ ಅಂತಲ್ಲ. ಕ್ಯಾನ್ಸರ್ ಖಚಿತವಾದರೆ, ಗರ್ಭಕೋಶ ಜಾರಿದ್ದರೆ, ದೊಡ್ಡ ಗಡ್ಡೆ ಇದ್ದರೆ, ಔಷಧಿಗೂ ರಕ್ತಸ್ರಾವ ನಿಲ್ಲದಿದ್ದರೆ ಬೇಕಾಗಬಹುದು. ಅದನ್ನ ಇನ್ನೊಬ್ಬ ಡಾಕ್ಟರೂ ನೋಡಿ ಹೇಳಲಿ. ತಿಥಿ ದಿನಕ್ಕೆ ಇಷ್ಟು ಜನ ಅಂತ ಟಾರ್ಗೆಟ್ ಇಟ್ಟುಕೊಂಡು ಮಾಡಿಸೋ ಕೆಲಸ ಅಲ್ಲ.

ಹಾಗಾದರೆ ಎರಡು ಲಕ್ಷ ಏನು ಮಾಡೋದು? ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಯೋ ಒಂದು ಫಿಲೇಚರಿಗೆ ಹೋಗಿದ್ದೆ. ಗೂಡು ಬೇಯೋ ಬಿಸಿನೀರಿನ ಮುಂದೆ ಸಾಲಾಗಿ ಹೆಂಗಸರು, ಬೆರಳ ತುದಿ ನೆನೆದು ಬೆಳ್ಳಗಾಗಿ ಸುಕ್ಕುಗಟ್ಟಿತ್ತು. ಮೈ ಕಾಯುತ್ತಾ ಅಂತ ಕೇಳಿದ್ದಕ್ಕೆ ಒಬ್ಬಾಕೆ ನಕ್ಕರು. "ಆವಿ ಮುಂದೆ ಕೂತೋರಿಗೆ ಮೈ ಕಾಯ್ದೆ ಇರ್ತದಾ ಅಕ್ಕ?" ರಜೆ ದಿನ ಮನೆಯಲ್ಲಿದ್ದಾಗ? ನೂಲು ಹುಡುಕ್ತಿದ್ದ ಕೈ ನಿಂತಿತು. "ಹ್ಞೂಂ... ಅವತ್ತೂ ಕಾಯ್ತದೆ. ರಾತ್ರಿ ಎದ್ದು ಬಾಗಿಲ ಹತ್ರ ಕೂತ್ಕೋತೀನಿ." ಎರಡು ವರ್ಷದಿಂದ ಹೀಗಂತೆ. ಯಾರಿಗೂ ಹೇಳಿರಲಿಲ್ಲ.

ದುಡ್ಡು ಅಲ್ಲಿಗೆ ಹೋಗಲಿ. ಪರೀಕ್ಷೆಗೆ ಬರೋ ದಿನದ ಕೂಲಿ, ಬಸ್ ಚಾರ್ಜು, ಪರದೆ ಹಾಕಿದ ಒಂದು ರೂಮು, ಅವಸರ ಮಾಡದ ಒಬ್ಬ ಲೇಡಿ ಡಾಕ್ಟರ್. ಬಿ.ಪಿ., ಶುಗರ್, ರಕ್ತಹೀನತೆ ಜೊತೆಗೇ ನೋಡಿಸಿ. ಕ್ಯಾಲ್ಸಿಯಂ ಮಾತ್ರೆ ಡಬ್ಬಿಗಟ್ಟಲೆ ಹಂಚಬೇಡಿ. 100 ಗ್ರಾಂ ರಾಗಿಯಲ್ಲೇ ಸುಮಾರು 350 ಮಿಲಿಗ್ರಾಂ ಇದೆ. ಈ ವಯಸ್ಸಿಗೆ ದಿನಕ್ಕೆ 1200 ಬೇಕು ಅನ್ನೋದೂ ನಿಜ, ಆದ್ದರಿಂದ ಡೈರಿಗೆ ಹಾಕೋ ಹಾಲಿನಲ್ಲಿ ಒಂದು ಲೋಟ ಮನೆಯಲ್ಲಿ ಉಳಿಯಲಿ. ಒಂದೊಂದು ಕ್ಯಾಲೆಂಡರೂ ಕೊಡಿ. ಹಸು ಬೆದೆಗೆ ಬಂದ ತಾರೀಕು, ಇಂಜೆಕ್ಷನ್ ಕೊಡಿಸಿದ ತಾರೀಕು ಗೋಡೆ ಮೇಲೆ ಬರೆದಿಡ್ತಾರೆ. ಅವರದೇ ಮುಟ್ಟು ಯಾವತ್ತಾಯ್ತು ಕೇಳಿ, "ಆಷಾಢಕ್ಕೆ ಮುಂಚೆ ಇರಬೇಕು" ಅಂತಾರೆ.

ನೀವು ಕೇಳಿಲ್ಲ, ಆದರೂ ಹೇಳಿಬಿಡ್ತೀನಿ. ಆ ತಾರೀಕು ಯಾಕೆ ಮುಖ್ಯ ಅಂದ್ರೆ, ನಿಂತು ವರ್ಷ ದಾಟಿದ ಮೇಲೆ ಒಂದು ಚುಕ್ಕೆ ರಕ್ತ ಕಂಡರೂ ಅದು ಮುಟ್ಟಲ್ಲ. ನಮ್ಮ ಬೀದಿಯ ಅಜ್ಜಿಯೊಬ್ಬರು "ಮತ್ತೆ ಆದೆ ಕಣಮ್ಮ" ಅಂತ ನಾಚಿಕೊಂಡು ಹೇಳಿದ್ದರು, ನಿಂತು ನಾಲ್ಕು ವರ್ಷವಾಗಿತ್ತು. ಹತ್ತರಲ್ಲಿ ಒಂಬತ್ತು ಸಲ ಸಾಮಾನ್ಯ ಕಾರಣವೇ ಇರುತ್ತೆ. ಆದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಮೊದಲು ತೋರಿಸಿಕೊಳ್ಳೋದೂ ಹೀಗೇ, ಆಗ ಹಿಡಿದರೆ ಬಹುಪಾಲು ವಾಸಿಯಾಗುತ್ತೆ. ಅಜ್ಜಿಗೆ ಇದ್ದದ್ದು ಪಾಲಿಪ್ ಅನ್ನೋ ಒಂದು ಸಣ್ಣ ಗಂಟು. ತೆಗೆದರು, ಗರ್ಭಕೋಶ ಇದ್ದಲ್ಲೇ ಇದೆ.

ತಿಥಿ ಯಾವ ತಿಂಗಳು ಅಂತ ನೀವು ಬರೆದಿಲ್ಲ. ಅಕ್ಟೋಬರ್ ಆದರೆ ಸರಿಹೋಯ್ತು, 18ಕ್ಕೆ ವಿಶ್ವ ಋತುಬಂಧ ದಿನ. ಆದರೆ ಬ್ಯಾನರಿಗೆ ದುಡ್ಡು ಸುರಿಯಬೇಡಿ, ಗೂಡಿನ ಕೆಲಸ ಜೋರಿರೋ ವಾರವನ್ನೂ ಹಿಡಿಯಬೇಡಿ. ಕೂಲಿ ಬಿಟ್ಟು ಯಾರೂ ಬರಲ್ಲ.